ಪ್ರೊಸೆಸರ್ ಮೀಮಾಂಸೆ: ಕಲ್ಯಾಣ ಮತ್ತು ಹುಮನಾಬಾದ್ ಸಂಪ್ರದಾಯಗಳ ತೌಲನಿಕ ಅಧ್ಯಯನ

೧. ಪೀಠಿಕೆ

ಕಲ್ಯಾಣವು, ಅಂದರೆ ಇಂದಿನ ಬಸವಕಲ್ಯಾಣವು, ಶಾಸ್ತ್ರಗಳ ತವರು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ ಬರೆದು ಆಸ್ತಿ ಪಾಲಿನ ತಕರಾರುಗಳಿಗೆ ದಾರಿ ತೋರಿದ. ಆ ಅರಸನ ಮಗ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಆನೆಯಿಂದ ಅಡುಗೆಯವರೆಗೆ ಎಲ್ಲವನ್ನೂ ವಿವರಿಸಿದ. ಕೆಟ್ಟ ಪ್ರೊಸೆಸರನ್ನು ಪತ್ತೆ ಹಚ್ಚಿ ಬದಲಿಸುವ ವಿಧಿಯನ್ನು ಮಾತ್ರ ಇಬ್ಬರೂ ಹೇಳಲಿಲ್ಲ. ಒಂಬತ್ತು ಶತಮಾನಗಳ ಈ ಅಕ್ಷಮ್ಯ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ.

೨. ಸಂಪ್ರದಾಯ ಭೇದ

ಬಸವಕಲ್ಯಾಣದ್ದು ಅದ್ವೈತ. ಕಂಪ್ಯೂಟರ್ ಚಾಲೂ ಆಗದಿರಲಿ, ನಿಧಾನವಾಗಲಿ, ನಡುವೆ ಆರಿಹೋಗಲಿ, ಕಾರಣ ಒಂದೇ: “ಪ್ರೊಸೆಸರ್ ಹೋಗ್ಯಾದ್ರೀ.” ಹುಮನಾಬಾದಿನದು ಪರಲೋಕವಾದ. ಊರ ಮೇಲೇ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಹಾದಿರುವುದರಿಂದ ಅಲ್ಲಿಯ ಸಿದ್ಧಾಂತ: “ಹೈದರಾಬಾದಿಗೆ ಕಳಸಬೇಕ್ರೀ.” ಕಳಿಸಿದ್ದು ಮರಳಿ ಬರುತ್ತದೆಯೇ ಎಂಬುದು ಈ ಪಂಥದ ಪುನರ್ಜನ್ಮ ವಿಚಾರ. ನಿರ್ಣಯ ಆಗುವವರೆಗೆ ಸ್ಕ್ರೂಡ್ರೈವರ್ ಮುಟ್ಟಬಾರದೆಂಬ ವಿಷಯದಲ್ಲಿ ಎರಡೂ ಪಂಥಗಳಿಗೆ ಒಮ್ಮತವಿದೆ.

೩. ಪ್ರಮಾಣ ವಿಚಾರ

ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಹೇಳುತ್ತಾರೆ.

ಪ್ರತ್ಯಕ್ಷ: ಡಬ್ಬಿಯ ಹೊರಮೈ ನೋಡುವುದು. ಧೂಳಿದ್ದರೆ ಯಂತ್ರ ಹಳತು, ಇಲ್ಲದಿದ್ದರೆ ಬಳಸಿಯೇ ಇಲ್ಲ. ಎರಡರಿಂದಲೂ ಪ್ರೊಸೆಸರ್ ಹೋಗಿದೆ ಎಂದೇ ಸಿದ್ಧವಾಗುತ್ತದೆ.

ಶಬ್ದ: ಆನ್ ಮಾಡಿದಾಗಿನ ಬೀಪ್. ಅದು ಮತ್ತೆ ಮತ್ತೆ ಕೂಗಿದರೆ ಎಷ್ಟೋ ಸಲ ದೋಷ ರ್‍ಯಾಮಿನದು. ಅದನ್ನು ಕಿತ್ತು, ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಿದರೆ ಕೂಗು ನಿಲ್ಲುವುದುಂಟು. ಆದರೆ ನಮ್ಮ ಪಂಡಿತರಿಗೆ ತಮ್ಮ ಶಬ್ದವಷ್ಟೇ ಪ್ರಮಾಣ.

ಉಪಮಾನ: ಅದೇ ಸಾಕೆಟ್ಟಿಗೆ ಹೊಂದುವ ಒಳ್ಳೆಯ ಪ್ರೊಸೆಸರ್ ಹಾಕಿ ನೋಡುವುದು, ಶಂಕಿತವನ್ನು ಇನ್ನೊಂದು ಮದರ್‌ಬೋರ್ಡಿನಲ್ಲಿ ಕೂರಿಸುವುದು. ನಂಬಬಹುದಾದ ಪರೀಕ್ಷೆ ಇದೊಂದೇ; ಆದ್ದರಿಂದ ಇದನ್ನು ಯಾರೂ ಮಾಡುವುದಿಲ್ಲ.

ಉಳಿದ ಮೂರನ್ನು ಕೈಬಿಟ್ಟಿದ್ದೇನೆ. ಅನುಮಾನ ಒಂದರ ಮೇಲೆಯೇ ಬಿಲ್ಲು ತಯಾರಾಗುವ ಕಡೆ ಬೇರೆ ಪ್ರಮಾಣಗಳಿಗೇನು ಕೆಲಸ?

ಪೂರ್ವಪಕ್ಷ

ಪ್ರೊಸೆಸರ್ ಕೆಡುವುದೇ ಇಲ್ಲವೇ ಎಂದು ಕೇಳಬಹುದು. ಕೆಡುತ್ತದೆ. 1994ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್ 4195835ನ್ನು 3145727ರಿಂದ ಭಾಗಿಸಿ 1.3338 ಎನ್ನುವ ಬದಲು 1.3337 ಎಂದಿತು. ದೋಷ ಹೊರಗೆಳೆದವರು ಥಾಮಸ್ ನೈಸ್ಲಿ ಎಂಬ ಗಣಿತದ ಮೇಷ್ಟ್ರು. ಕಂಪನಿಗೆ ಬಿದ್ದ ಹೊರೆ 47.5 ಕೋಟಿ ಡಾಲರ್. 2024ರಲ್ಲಿ ಅದೇ ಕಂಪನಿ ತನ್ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಅತಿ ವೋಲ್ಟೇಜಿನಿಂದ ಹಾಳಾಗುತ್ತಿವೆ ಎಂದು ಒಪ್ಪಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಲ್ಲಿ ಪರೀಕ್ಷೆ ಮೊದಲು ನಡೆಯಿತು, ತೀರ್ಪು ಆಮೇಲೆ ಬಂತು.

ನಮ್ಮಲ್ಲಿ ಹಾಗಲ್ಲ. ತಾಲ್ಲೂಕಿನ ಒಂದು ಶಾಲೆಯ ಕಂಪ್ಯೂಟರಿಗೆ ಬಂದ ತಪಾಸಣಾ ವರದಿ ಹೀಗಿತ್ತು: “ಸದರಿ ಯಂತ್ರದ ಪ್ರೊಸೆಸರ್ ದೋಷಪೂರಿತವಾಗಿದ್ದು, ದುರಸ್ತಿಯು ಆರ್ಥಿಕವಾಗಿ ಕಾರ್ಯಸಾಧುವಲ್ಲ.” ಡಬ್ಬಿಯ ಸ್ಕ್ರೂ ಮೇಲಿನ ಸ್ಟಿಕರ್ ಹರಿದಿರಲಿಲ್ಲ. ಬಿಚ್ಚಿದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಗಟ್ಟಿಯಾಗಿ ಕೂತಿತ್ತು. ಫ್ಯಾನ್ ಬೆರಳಲ್ಲಿ ತಿರುವಿದರೂ ತಿರುಗದು. ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ, ಉಗುರು ತಾಕಿದರೆ ಬಿಳಿ ಪುಡಿಯಾಗಿ ಉದುರಿತು. ಬಿಸಿ ನೂರು ಡಿಗ್ರಿಯ ಹತ್ತಿರ ಹೋದರೆ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ. ಇನ್ನೂ ಏರಿದರೆ ಜೀವ ಉಳಿಸಿಕೊಳ್ಳಲು ಯಂತ್ರವನ್ನೇ ಆರಿಸುತ್ತದೆ. ಇಲ್ಲೂ ಅಷ್ಟೇ ಆಗಿತ್ತು. ಒರೆಸಿ, ತೊಗರಿಬೇಳೆಯಷ್ಟು ಹೊಸ ಪೇಸ್ಟ್ ಇಟ್ಟು, ಬೇರೆ ಫ್ಯಾನ್ ಹಾಕಿದ ಮೇಲೆ ಯಂತ್ರ ಚಾಲೂ ಆಯಿತು.

ಇಲ್ಲಿಗೆ ನನ್ನ ಅಣಕು ಮುಗಿಯಿತು. ಆ ಶಾಲೆಯ ಮಕ್ಕಳು ‘ಸಿಪಿಯು ಕಂಪ್ಯೂಟರಿನ ಮೆದುಳು’ ಎಂದು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಕೀಲಿಮಣೆಯ ಚಿತ್ರ ಬರೆದು ಬಣ್ಣ ತುಂಬುತ್ತಾರೆ. ಮುಟ್ಟಬೇಕಾದ ಕೀಲಿಮಣೆ ಬೀಗ ಹಾಕಿದ ಕೋಣೆಯಲ್ಲಿದೆ. 2012ರಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಕಲಮಿಗಾಗಿ ಸಂವಿಧಾನವನ್ನೇ ತಿದ್ದಿದರು. 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಇಷ್ಟಾದ ಮೇಲೂ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚುವ ಸೌಜನ್ಯ ಒಬ್ಬ ತಪಾಸಕನಿಗೆ ಇಲ್ಲವೆಂದರೆ, ಕೆಟ್ಟಿರುವ ಮೆದುಳು ಯಾರದು?

ನಿಜವಾಗಿಯೂ ಕೆಟ್ಟಿದ್ದರೆ ಬದಲಿಸುವುದು ಬ್ರಹ್ಮವಿದ್ಯೆಯಲ್ಲ. ಮದರ್‌ಬೋರ್ಡ್ ಯಾವ ಚಿಪ್ ಒಪ್ಪುತ್ತದೆಂದು ಪಟ್ಟಿ ನೋಡಿ, ವಯರು ಕಿತ್ತು, ಲಿವರ್ ಎತ್ತಿ, ಮೂಲೆಯ ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ ಇಟ್ಟರೆ ತಾನಾಗಿ ಕೂರುತ್ತದೆ. ಒತ್ತಿದರೆ ಪಿನ್ ಬಾಗುತ್ತವೆ. ಹತ್ತನೇ ತರಗತಿಯ ಹುಡುಗಿ ಒಮ್ಮೆ ನೋಡಿ ಕಲಿಯುವಷ್ಟು ಕೆಲಸ.

ಸಂಬಂಧಪಟ್ಟವರಲ್ಲಿ ಕೋರಿಕೆ ಇಷ್ಟೇ: ‘ಏನೇನು ಬಿಚ್ಚಿ ನೋಡಲಾಯಿತು’ ಎಂಬ ಒಂದು ಸಾಲನ್ನು ತಪಾಸಣಾ ವರದಿಯಲ್ಲಿ ಕಡ್ಡಾಯ ಮಾಡಿ. ಬಿಚ್ಚುವಾಗ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.