ಹುಳಕ್ಕೊಂದು ಪಾಕೀಟು

(ಹಾನಗಲ್ಲಿನ ಚಾದಂಗಡಿ. ಶಿಗ್ಗಾಂವಿ ಬಸ್ಸು ಇನ್ನೂ ಬಂದಿಲ್ಲ. ಬಂದಿದ್ದರೆ ಈ ಮಾತೇ ನಡೆಯುತ್ತಿರಲಿಲ್ಲ.)

ಕಾಕಾ: ಬೆಂಗಳೂರಾಗ ಏನ್ ಓದಾಕತ್ತೀಪಾ ತಮ್ಮಾ?

ತಮ್ಮ: ವಿಜ್ಞಾನ ನೀತಿ ಸಂಶೋಧನೆ, ಕಾಕಾ. ದೇಶ ಸಂಶೋಧನೆಗೆ ಎಷ್ಟು ರೊಕ್ಕ ಹಾಕಬೇಕು, ಎದಕ್ಕ ಹಾಕಬೇಕು ಅನ್ನೋ ವಿಚಾರ. ಜಿಡಿಪಿಯ ಶೇ. 2 ಹಾಕಬೇಕಂತ 2003ರ ನೀತಿಯೊಳಗ ಬರದ್ರು. 2013ರಾಗೂ ಅದನ್ನ ಬರದ್ರು.

ಕಾಕಾ: ಮಾತು ಬದಲಿಸಿಲ್ಲ, ಭೇಷ್! ಹಾಕಿದ್ದೆಷ್ಟು?

ತಮ್ಮ: 2020-21ರಾಗ ಶೇ. 0.64.

ಕಾಕಾ: ನೂರು ರೂಪಾಯಿಗೆ ಅರವತ್ನಾಕು ಪೈಸೆ! ಈ ಅಂಗಡಿ ಉದ್ರಿ ವಹಿಯಾಗ ನನ್ನ ಲೆಕ್ಕಾನೂ ಹಂಗ ಐತಿ. ಇರ್ಲಿ, ನಮಗೇನು ಉಪಯೋಗ?

ತಮ್ಮ: ಹತ್ತೀನ ತಗೋರಿ. 2002ರಾಗ ಕಾಯಿಕೊರಕ ತಡಿಯೋ ಬಿಟಿ ಹತ್ತಿಗೆ ಒಪ್ಪಿಗಿ ಸಿಕ್ತು. 450 ಗ್ರಾಂ ಬೀಜದ ಜೋಡಿ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡ್ತಿದ್ರಲ್ಲ?

ಕಾಕಾ: ಆ ಸಣ್ಣ ಪಾಕೀಟು? ಬದುವಿನಾಗ ಒಗದ್ವಿ.

ತಮ್ಮ: ಅಯ್ಯೋ! ಅದನ್ನ ಹೊಲದ ಸುತ್ತ ಹಾಕಬೇಕಿತ್ತು. ಹುಳ ಅಲ್ಲಿ ಮೇದ್ರ, ಬಿಟಿ ವಿಷ ಅರಗಿಸಿಕೊಳ್ಳೋ ತಳಿ ಲಗೂನ ಬೆಳೀತಿರಲಿಲ್ಲ. ಈಗ ನೋಡ್ರಿ, ಗುಲಾಬಿ ಕಾಯಿಕೊರಕ ಬಿಟಿನೂ ತಿಂತೈತಿ.

ಕಾಕಾ: ಹುಳಕ್ಕಂತ ನಾಕು ಸಾಲು ಬಿಡು ಅಂದ್ರ, ಎರಡೆಕರೆಯವ ಬಿಡ್ತಾನೇನು? ನನ್ನ ಕೇಳಿದ್ರ ಅವತ್ತ ಹೇಳ್ತಿದ್ದೆ.

ತಮ್ಮ: ಅದನ್ನ ಕೇಳಾಕ ಬಂದೀನ್ರಿ! ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಕೂ ತಾಲೂಕು ತಿರಗತೀನಿ.

ಕಾಕಾ: ಈಗ? ನಾವು ಹತ್ತಿ ಬಿಟ್ಟು ಗೋವಿನಜೋಳ ಬಿತ್ತಿದ ಮ್ಯಾಲ?

ತಮ್ಮ: (ಪ್ರಶ್ನಾವಳಿ ಕಾಗದ ತಿರುವುತ್ತಾ) ಗೋವಿನಜೋಳಕ್ಕ ಕಾಲಮ್ಮೇ ಇಲ್ಲಲ್ರೀ ಕಾಕಾ. ‘ಇತರೆ’ ಅಂತ ಹಾಕ್ಲಿ?