ಕ್ರಯಮೀಮಾಂಸೆ ಅಥವಾ ಮುದ್ರಾಂಕ ಶುಲ್ಕದ ತತ್ತ್ವವಿಚಾರ

ಗೃಹವೆಂಬ ಪದಾರ್ಥಕ್ಕೆ ಸ್ಥೂಲ, ಸೂಕ್ಷ್ಮ ಎಂಬ ಎರಡು ಶರೀರಗಳಿದ್ದು, ಇಟ್ಟಿಗೆ, ಸಿಮೆಂಟು, ಟೈಲ್ಸುಗಳಿಂದಾದ ಸ್ಥೂಲಶರೀರವು ಮಳೆಗಾಲದಲ್ಲಿ ಸೋರುವುದರಿಂದ ಪ್ರತ್ಯಕ್ಷಪ್ರಮಾಣಕ್ಕೆ ಸಿಗುತ್ತದೆ. ಕ್ರಯಪತ್ರವೆಂಬ ಸೂಕ್ಷ್ಮಶರೀರವು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಜನಿಸುವುದರಿಂದ ಶಬ್ದಪ್ರಮಾಣಕ್ಕೆ ಮಾತ್ರ ಗೋಚರ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ 1908ರ ನೋಂದಣಿ ಕಾಯ್ದೆಯೂ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿಯನ್ನು ಕಡ್ಡಾಯಗೊಳಿಸಿವೆ. ಈ ಅಂಕಿ ಇಂದಿಗೂ ಹಾಗೆಯೇ ಇರುವುದರಿಂದ, ಬೆಂಗಳೂರಿನಲ್ಲಿ 99 ರೂಪಾಯಿಗೆ ನಿವೇಶನ ದೊರಕಿಸಿಕೊಂಡ ಪುಣ್ಯವಂತರು ನೋಂದಣಿಯ ಗೊಡವೆಯಿಲ್ಲದೆ ಸುಖವಾಗಿರಬಹುದೆಂಬುದು ಶಾಸ್ತ್ರಸಮ್ಮತ.

ಇನ್ನು ಮುದ್ರಾಂಕ ಶುಲ್ಕದ ವಿಚಾರ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಇದು ಬೀಳುವುದು ಮನೆಯ ಮೇಲಲ್ಲ, ಮನೆಯನ್ನು ಕುರಿತ ಕಾಗದದ ಮೇಲೆ. ಬೆಂಗಳೂರಿನಲ್ಲಿ 80 ಲಕ್ಷ ರೂಪಾಯಿಯ ಫ್ಲ್ಯಾಟೊಂದನ್ನು ಉದಾಹರಣೆಯಾಗಿ ಗ್ರಹಿಸಿದರೆ, ಶೇಕಡಾ 5ರಂತೆ 4,00,000 ರೂಪಾಯಿ ಶುಲ್ಕವಾಗುತ್ತದೆ. ಆ ಶುಲ್ಕದ ಶೇಕಡಾ 10 ಸೆಸ್ಸೆಂದು 40,000, ಅದೇ ಶುಲ್ಕದ ಶೇಕಡಾ 2 ಸರ್‌ಚಾರ್ಜೆಂದು 8,000 ಸೇರುತ್ತದೆ. ತೆರಿಗೆಗೇ ತೆರಿಗೆ ಹಾಕುವುದು ಅನವಸ್ಥಾದೋಷವಲ್ಲವೇ, ಹೀಗೆಯೇ ಮುಂದುವರಿದರೆ ಸೆಸ್ಸಿನ ಮೇಲೂ ಸೆಸ್ಸು ಬಾರದೇ ಎಂದು ಪೂರ್ವಪಕ್ಷಿಗಳು ಆಕ್ಷೇಪಿಸುತ್ತಾರೆ. ಖಜಾನೆಯು ಎರಡನೆಯ ಮೆಟ್ಟಿಲಲ್ಲೇ ನಿಂತಿರುವುದು ಅದರ ಕರುಣೆ ಎಂಬುದು ಸಿದ್ಧಾಂತಿಗಳ ಉತ್ತರ. ಇದರ ಜೊತೆಗೆ, 2025ರ ಆಗಸ್ಟ್ 31ರಿಂದ ಶೇಕಡಾ 1 ಇದ್ದದ್ದು 2ಕ್ಕೇರಿದ ನೋಂದಣಿ ಶುಲ್ಕದ 1,60,000ವನ್ನು ಕೂಡಿಸಿದರೆ ಒಟ್ಟು 6,08,000 ರೂಪಾಯಿ. ಗೃಹಸಾಲ ಕೊಡುವ ಬ್ಯಾಂಕು ಈ ಮೊತ್ತವನ್ನು ಸಾಮಾನ್ಯವಾಗಿ ಮನೆಯ ಬೆಲೆಯಲ್ಲಿ ಎಣಿಸುವುದಿಲ್ಲವಾದ್ದರಿಂದ, ಕೊಳ್ಳುವವನು ಇದನ್ನು ತನ್ನ ಕೈಯಿಂದಲೋ, ಮಾವನ ಕೈಯಿಂದಲೋ ಹೊಂದಿಸಬೇಕು.

ಬೆಲೆ ಎಂದರೇನು ಎಂಬುದೇ ಈ ಶಾಸ್ತ್ರದ ಅತಿ ಜಟಿಲ ಪ್ರಶ್ನೆ. ಅದ್ವೈತಿಗಳು ಹೇಳುವ ಮೂರು ಸತ್ತೆಗಳು ಇಲ್ಲಿ ಚಾಚೂ ತಪ್ಪದೆ ಅನ್ವಯಿಸುತ್ತವೆ. ಬಿಲ್ಡರನ ಜಾಹೀರಾತಿನಲ್ಲಿ ನಕ್ಷತ್ರಚಿಹ್ನೆಯೊಡನೆ ಹೊಳೆಯುವ ಬೆಲೆ ಪ್ರಾತಿಭಾಸಿಕ. ಹತ್ತಿರ ಹೋದೊಡನೆ ಅದು ಮಾಯವಾಗಿ ಕಾರ್ ಪಾರ್ಕಿಂಗು, ಕ್ಲಬ್‌ಹೌಸುಗಳ ಲೆಕ್ಕ ಉಳಿಯುತ್ತದೆ. ಪತ್ರದಲ್ಲಿ ಬರೆಯುವ ಬೆಲೆ ವ್ಯಾವಹಾರಿಕ; ಸರ್ಕಾರ ಪ್ರದೇಶವಾರು ಗೊತ್ತುಪಡಿಸುವ ಮಾರ್ಗಸೂಚಿ ದರಕ್ಕಿಂತ ಅದು ಕಡಿಮೆಯಿದ್ದರೆ ಶುಲ್ಕವನ್ನು ಮಾರ್ಗಸೂಚಿಯ ಮೇಲೆಯೇ ಕಟ್ಟಬೇಕು, ಹೆಚ್ಚಿದ್ದರೆ ಪತ್ರದ ಬೆಲೆಯ ಮೇಲೆ, ಅಂದರೆ ಯಾವುದು ದೊಡ್ಡದೋ ಅದೇ ಸತ್ಯ. ಕೊಟ್ಟವನಿಗೂ ಪಡೆದವನಿಗೂ ಮಾತ್ರ ತಿಳಿದಿದ್ದು, ‘ಇಷ್ಟು ವೈಟು, ಇಷ್ಟು ಬ್ಲ್ಯಾಕು’ ಎಂಬ ಮಹಾವಾಕ್ಯದಿಂದ ಸೂಚಿತವಾಗುವ ಬೆಲೆಯೇ ಪಾರಮಾರ್ಥಿಕ. ಅದು ವಾಙ್ಮನಗಳಿಗೂ ಆದಾಯ ತೆರಿಗೆಗೂ ಅತೀತವಾಗಿರಬೇಕೆಂದು ಆಸ್ತಿಕರು ಹಾರೈಸುತ್ತಾರೆ. ಪತ್ರದ ಬೆಲೆ 50 ಲಕ್ಷ ಮುಟ್ಟಿದರೆ ಶೇಕಡಾ 1ನ್ನು ಮಾರುವವನಿಗೆ ಕೊಡದೆ ಟಿಡಿಎಸ್ ಎಂದು ಹಿಡಿದು ಕೊಳ್ಳುವವನೇ ಕಟ್ಟಬೇಕೆಂಬ 2013ರ ನಿಯಮ ಬಂದ ಮೇಲಂತೂ ಗೃಹಸ್ಥನು ಸಂಬಳವಿಲ್ಲದ ತೆರಿಗೆ ಗುಮಾಸ್ತನೂ ಆಗಿದ್ದಾನೆ.

ಪತ್ರದ ಒಳಗಣ ಸಾಹಿತ್ಯವೂ ಉಪೇಕ್ಷಣೀಯವಲ್ಲ. ಶಾಸನಗಳ ಕಾಲದಿಂದ ಇಳಿದುಬಂದ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಮೊದಲಾದ ಅಷ್ಟಭೋಗ ತೇಜಃಸ್ವಾಮ್ಯಗಳನ್ನು ಅನೇಕ ಕನ್ನಡ ಕ್ರಯಪತ್ರಗಳು ಇಂದಿಗೂ ಕೊಳ್ಳುವವನಿಗೆ ಧಾರೆಯೆರೆಯುತ್ತವೆ. ಮೂರನೆಯ ಮಹಡಿಯ ಎರಡು ಬೆಡ್‌ರೂಮಿನಲ್ಲಿ ಹೂತಿಟ್ಟ ನಿಧಿಯ ಸಾಧ್ಯತೆ ಚರ್ಚಾಸ್ಪದ. ಜಲವು ಟ್ಯಾಂಕರಿನಿಂದ ಬರುತ್ತದೆ. ತರುವೆಂದರೆ ಬಾಲ್ಕನಿಯ ತುಳಸಿ. ಚಕ್ಕುಬಂದಿ, ಎಂದರೆ ನಾಲ್ಕು ದಿಕ್ಕಿನ ಎಲ್ಲೆಗಳ ವಿವರಣೆ, ‘ಪೂರ್ವಕ್ಕೆ ಪ್ಯಾಸೇಜು, ಪಶ್ಚಿಮಕ್ಕೆ ಲಿಫ್ಟು, ಉತ್ತರಕ್ಕೆ ಫ್ಲ್ಯಾಟ್ ನಂ. 304, ದಕ್ಷಿಣಕ್ಕೆ ಖಾಲಿ ಜಾಗ’ ಎಂದು ಸಾಗುತ್ತದೆ. ಆ ದಕ್ಷಿಣದ ಖಾಲಿ ಜಾಗವು ನೆಲದಿಂದ ಮೂವತ್ತು ಅಡಿ ಮೇಲಿನ ಗಾಳಿ.

ವಕೀಲರ ಅಭಿಪ್ರಾಯ, ಇಸಿ ಎಂದು ಪ್ರಸಿದ್ಧವಾದ ಋಣಭಾರ ಪತ್ರ, ಇ-ಖಾತೆ, ಬ್ರೋಕರನ ಕಮಿಷನ್ ಇವು ಅಂಗಕ್ರಿಯೆಗಳು. ಪತ್ರ ಬರೆಯುವವರ ಚೀಟಿಯ ಕೊನೆಯಲ್ಲಿ ‘ಇತರೆ’ ಎಂಬ ಸಾಲೊಂದಿರುವುದುಂಟು. ರಸೀದಿಯಿಲ್ಲದ ಈ ಪದಾರ್ಥದ ಲಕ್ಷಣವನ್ನು ಯಾವ ಭಾಷ್ಯಕಾರನೂ ಬರೆದಿಲ್ಲ, ಕೇಳಿದವನಿಗೆ ‘ಎಲ್ಲಾ ಕಡೆ ಇರೋದೇ ಸಾರ್’ ಎಂಬ ಆಪ್ತವಾಕ್ಯವೇ ಪ್ರಮಾಣ.

ಇಷ್ಟಾದ ಮೇಲೆ ಕೊಳ್ಳುವವನು ಪುಟ್ಟ ಕ್ಯಾಮೆರಾದ ಮುಂದೆ ಕಣ್ಣರಳಿಸಿ ಕುಳಿತು, ಗಾಜಿನ ಮೇಲೆ ಹೆಬ್ಬೆಟ್ಟೊತ್ತಿ, ಮನೆ ತನ್ನದಾಯಿತೆಂದು ಪೇಡಾ ಹಂಚುತ್ತಾನೆ. ಆದರೆ ಈ ದೇಶದಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಒಡೆತನವಲ್ಲ; ಮಾರಿದವನಿಗೆ ಮಾರುವ ಹಕ್ಕು ನಿಜಕ್ಕೂ ಇತ್ತೆಂಬ ಖಾತರಿಯನ್ನು 6,08,000 ರೂಪಾಯಿ ಪಡೆದ ಸರ್ಕಾರ ಕೊಡುವುದಿಲ್ಲ. ಆ ಬಗ್ಗೆ ತಕರಾರು ಎದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಸ್ವತ್ತಿನ ದಾವೆ ಹೂಡಬೇಕಾಗುತ್ತದೆ. ಅಂಥ ದಾವೆಗೆ 1958ರ ಕಾಯ್ದೆಯೊಂದರ ಪ್ರಕಾರ ಮತ್ತೆ ಸ್ವತ್ತಿನ ಬೆಲೆಯ ಮೇಲೆ ಲೆಕ್ಕಹಾಕಿ ನ್ಯಾಯಾಲಯ ಶುಲ್ಕ ಕಟ್ಟಬೇಕು.