ಬಚ್ಚಲ ಹಿಂದಿನ ಐರಿಸ್

ನಮ್ಮೂರಲ್ಲಿ ತೋಟವೆಂದರೆ ಅಡಿಕೆ ತೋಟ. ಹೂವಿನ ಗಿಡಗಳಿಗೆ ಅಂಗಳದ ಅಂಚು. ಬಚ್ಚಲ ನೀರು ಹೋಗಿ ಇಂಗುವ ಜಾಗಕ್ಕೆ ಮಾತ್ರ ಹೆಸರೇ ಇರಲಿಲ್ಲ. ‘ಬಚ್ಚಲ ಹಿಂದೆ’ ಎಂದರೆ ಮುಗಿಯಿತು. ಅಲ್ಲಿ ಕೆಸು ಕೊಡೆ ಬಿಚ್ಚಿ ನಿಂತಿರುತ್ತಿತ್ತು, ಒಂದೆಲಗ ಹರಡಿರುತ್ತಿತ್ತು, ಬಜೆ ಕತ್ತಿಯಲಗಿನಂತೆ ಎದ್ದಿರುತ್ತಿತ್ತು. ಪಾಗಾರದ ಕಲ್ಲುಸಂದಿಯಿಂದ ಜರಿಗಿಡ ಇಣುಕುತ್ತಿತ್ತು. ಯಾರಾದರೂ ನೆಟ್ಟದ್ದನ್ನು ನಾನಂತೂ ನೋಡಿಲ್ಲ. ಪತ್ರೊಡೆಯ ದಿನ ಅಮ್ಮ ಕತ್ತಿ ಹಿಡಿದು ಅತ್ತ ಹೋಗುತ್ತಿದ್ದಳು, ತಂಬುಳಿಯ ದಿನ ಬರಿಗೈಯಲ್ಲಿ.

ಇಂಥ ಮನೆಯಿಂದ ಬಂದ ನಾನು ಐವತ್ತು ದಾಟಿದ ಮೇಲೆ, ಬೆಂಗಳೂರಿನ 30x40 ಸೈಟಿನ ಹಿಂಬದಿಯ ಮೂರಡಿ ಸಂದಿನಲ್ಲಿ ‘ಬಾಗ್ ಗಾರ್ಡನ್’ ಮಾಡಲು ಹೊರಟೆ. ಜೌಗು ತೋಟ ಎಂದರೆ ಯಾರೂ ಕಿವಿಗೊಡುವುದಿಲ್ಲ, ಬಾಗ್ ಗಾರ್ಡನ್ ಎಂದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮಾಡುವ ಕ್ರಮ ಕಷ್ಟದ್ದಲ್ಲ. ಒಂದೂವರೆ ಅಡಿ ಗುಂಡಿ ತೋಡಿ ಟಾರ್ಪಾಲು ಹಾಸಬೇಕು. ಆಮೇಲೆ ಹಾಸಿದ ಟಾರ್ಪಾಲಿಗೇ ಅಲ್ಲಲ್ಲಿ ತೂತು ಮಾಡಬೇಕು. ಮಣ್ಣು ಸದಾ ಒದ್ದೆಯಿರಬೇಕು, ನೀರು ನಿಂತು ನಾರಬಾರದು, ಅದಕ್ಕೆ. ಮೇಲೆ ಎಲೆಗೊಬ್ಬರ ಬೆರೆಸಿದ ಮಣ್ಣು.

“ಅಲ್ಲಾರೀ, ಇದೇ ಗೋಡೆ ಒದ್ದೆಯಾಗುತ್ತೆ ಅಂತ ಹೋದ ವರ್ಷ ಎಂಟು ಸಾವಿರ ಸುರಿದು ವಾಟರ್‌ಪ್ರೂಫಿಂಗ್ ಮಾಡಿಸಿದ್ರಲ್ಲ?” ಎಂದಳು ಹೆಂಡತಿ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, ಏನೂ ಕೇಳದೆ, ಪ್ಲಂಬರನ ಫೋನ್ ನಂಬರು ಕೊಟ್ಟರು.

ನನ್ನ ಕಣ್ಣಿದ್ದದ್ದು ಐರಿಸ್ ಮೇಲೆ. ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರು ಹೊತ್ತ ಹೂವು. ಕ್ಯಾಲೆಂಡರಿನಲ್ಲಿ ನೋಡಿದಂದಿನಿಂದ ಆಸೆ. ಗಡ್ಡೆ ಆರು ತರಿಸಿದೆ. ಪೊಟ್ಟಣ ಬಿಚ್ಚಿದರೆ ಒಣಶುಂಠಿಯ ಹಾಗಿದ್ದವು. ಭಕ್ತಿಯಿಂದ ಗೇಣುದ್ದ ಕೆಸರಿನಲ್ಲಿ ಹೂತೆ. ಇಪ್ಪತ್ತನೆಯ ದಿನ ಕೆದಕಿ ನೋಡಿದರೆ ಗಂಜಿಯಾಗಿದ್ದವು. ತಪ್ಪು ಗಡ್ಡೆಯದಲ್ಲ. ನಾನು ತರಿಸಿದ್ದು ದಳದ ಮೇಲೆ ಮೆತ್ತನೆಯ ಗಡ್ಡವಿರುವ ಜಾತಿ. ಅದಕ್ಕೆ ಚಳಿಗಾಲ ಬೇಕು, ನೀರು ಬಸಿದುಹೋಗುವ ಮಣ್ಣು ಬೇಕು, ಗಡ್ಡೆಯ ಬೆನ್ನು ಮಣ್ಣಿನ ಮೇಲೆ ಬಿಸಿಲು ಕಾಯಿಸುತ್ತಿರಬೇಕು. ಕೆಸರು ಬಯಸುವ ಐರಿಸ್ ಬೇರೆಯೇ ಇವೆ. ಕಾಶ್ಮೀರದಲ್ಲಿ ಸಮಾಧಿಗಳ ಮೇಲೆ ಐರಿಸ್ ಬೆಳೆಸುತ್ತಾರೆ. ನಮ್ಮಲ್ಲಿ ಐರಿಸ್ಸಿಗೇ ಸಮಾಧಿಯಾಯಿತು.

ಜರಿಗಿಡಗಳು ಕೈಬಿಡಲಿಲ್ಲ. ಅದರ ಸಂಸಾರವೇ ವಿಚಿತ್ರ. ಹೂವಿಲ್ಲ, ಬೀಜವಿಲ್ಲ, ಎಲೆಯ ಬೆನ್ನಿಗೆ ಸಾಲಾಗಿ ಕಂದು ಚುಕ್ಕೆ, ಅದರೊಳಗೆ ನಶ್ಯದಂಥ ಪುಡಿ. ಆ ಪುಡಿ ಒದ್ದೆ ಜಾಗದಲ್ಲಿ ಬಿದ್ದರೆ ಮೊದಲು ಹುಟ್ಟುವುದು ಜರಿಗಿಡವಲ್ಲ, ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಬಿಲ್ಲೆ. ಅಲ್ಲಿ ಗಂಡು ಕಣ ಹೆಣ್ಣಿನ ಬಳಿಗೆ ಈಜಿಯೇ ಹೋಗಬೇಕು. ಈಜಲು ನೀರಿನ ತೆಳು ಪದರವಾದರೂ ಬೇಡವೆ? ಬಚ್ಚಲ ಗೋಡೆಯ ಮೇಲೆ ಅದರ ಪ್ರೀತಿಗೆ ಕಾರಣ ಇಷ್ಟೇ. ಚಿಕ್ಕಂದಿನಲ್ಲಿ ನಮಗಿದು ಗೊತ್ತಿರಲಿಲ್ಲ. ಎಲೆಯಡಿ ಬಿಳಿ ಹಿಟ್ಟು ಮೆತ್ತಿದ ಜರಿಯನ್ನು ಮುಂಗೈ ಮೇಲಿಟ್ಟು ಫಟ್ಟನೆ ಹೊಡೆದರೆ ಬೆಳ್ಳಿಯ ಹಚ್ಚೆ ಮೂಡುತ್ತದೆ ಎಂಬುದಷ್ಟೇ ಗೊತ್ತಿತ್ತು. ಮುಂದೆ ಕೂತವನ ನೀಲಿ ಚಡ್ಡಿಯ ಮೇಲೆ ಇನ್ನೂ ಚೆನ್ನಾಗಿ ಮೂಡುತ್ತಿತ್ತು. ಕೊಡಗಿನವರು ನಮಗಿಂತ ಜಾಣರು. ಮಳೆಗಾಲದಲ್ಲಿ ಒಂದು ಜಾತಿಯ ಜರಿಯ ಸುರುಳಿ ಚಿಗುರನ್ನು ತೆರ್ಮೆ ಎಂದು ಪಲ್ಯ ಮಾಡುತ್ತಾರೆ. ಎಲ್ಲ ಜರಿಯೂ ತಿನ್ನುವಂಥದ್ದಲ್ಲ, ನನ್ನನ್ನು ನಂಬಿ ಒಗ್ಗರಣೆ ಇಡಬೇಡಿ.

ಜರಿ ಬೆಳೆಸಲಾರದೆ ಸೋತವರಲ್ಲಿ ನಾಥೇನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯನೂ ಒಬ್ಬ. ಕಲ್ಲಿದ್ದಲ ಹೊಗೆಗೆ ಅವನ ಗಿಡಗಳೆಲ್ಲ ಸತ್ತವು. 1829ರ ಸುಮಾರಿಗೆ, ಪತಂಗ ಹೊರಬರುವುದನ್ನು ನೋಡೋಣವೆಂದು ಒಂದು ಕೋಶವನ್ನು ಒದ್ದೆ ಮಣ್ಣಿನ ಜೊತೆ ಸೀಸೆಯಲ್ಲಿಟ್ಟು ಮುಚ್ಚಿದರೆ ಜರಿ ಹುಟ್ಟಿತು! 1833ರಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಹಡಗಿನಲ್ಲಿ ಸಿಡ್ನಿಗೆ ಕಳಿಸಿದ, ಬದುಕಿಯೇ ತಲುಪಿದವು. ಚೀನಾದ ಚಹಾ ಸಸಿಗಳು ಮುಂದೆ ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲೇ. ಹೆಂಡತಿಗೆ ಇದನ್ನು ಹೇಳಿದೆ. “ಅವನು ಸೀಸೆಯಲ್ಲಿ ಮಾಡಿದ, ಗೋಡೆ ಪಕ್ಕ ಅಲ್ಲ” ಎಂದಳು.

ಆಷಾಢದಲ್ಲಿ ಅಮ್ಮ ಬಂದಳು. ನನ್ನ ತೋಟದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, “ಎಂತದಾ ಇದು, ಬಚ್ಚಲ ಹೊಂಡವಾ?” ಎಂದು ಕೇಳಿದಳು. ವಿವರಿಸಿದೆ. ಖರ್ಚನ್ನು ಅರ್ಧಕ್ಕಿಳಿಸಿ ಹೇಳಿದೆ. “ಬಚ್ಚಲ ಹೊಂಡಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ ಮಾರಾಯ” ಎಂದವಳು, ಒಳಗೆ ಹೋಗಿ ಚೀಲದಿಂದ ಕೆಸುವಿನ ಗಡ್ಡೆ ಎರಡು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಜೆಯ ತುಂಡು ಒಂದು ತಂದು ಹೆಬ್ಬೆರಳಿನಿಂದ ಕೆಸರಿಗೆ ಒತ್ತಿದಳು. ಅಷ್ಟೇ. ಕೈ ತೊಳೆದು ಕಾಫಿಗೆ ಕೂತಳು.

ತಿಂಗಳೊಪ್ಪತ್ತರಲ್ಲಿ ಬಜೆ ಎದ್ದಿತು. ಥೇಟ್ ಐರಿಸ್ಸಿನ ಎಲೆ! ಪುಸ್ತಕ ತೆಗೆದು ನೋಡಿದೆ. ಯುರೋಪಿನ ಜೌಗಿನಲ್ಲಿ ಬೆಳೆಯುವ ಹಳದಿ ಐರಿಸ್ಸಿಗೆ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಐರಿಸ್ ಸ್ಯೂಡಾಕೋರಸ್. ಅಕೋರಸ್ ಎಂದರೆ ನಮ್ಮ ಬಜೆ. ಸ್ಯೂಡೋ ಎಂದರೆ ಸುಳ್ಳು. ಅಂದರೆ ಅದು ಸುಳ್ಳು ಬಜೆ. ಕ್ಯಾಲೆಂಡರಿನ ಚೆಲುವೆಯ ಬಳಗದವಳೊಬ್ಬಳು ನಮ್ಮ ಬಚ್ಚಲ ಗಿಡದ ನಕಲು ಎಂದು ದಾಖಲಾಗಿರುವುದನ್ನು ಓದಿ ಆ ಸಂಜೆ ನಾನು ಎರಡು ಲೋಟ ಕಾಫಿ ಕುಡಿದೆ.

ಅನುಮಾನವಿದ್ದರೆ ಎಲೆ ಹಿಸುಕಿ ನೋಡಿ. ಐರಿಸ್ಸಿಗೆ ಸೊಪ್ಪಿನ ವಾಸನೆ. ಬಜೆಗೆ ಬಾಣಂತಿ ಕೋಣೆಯ ಘಮ. ಮಗು ಬೇಗ ಮಾತಾಡಲೆಂದು ಅದನ್ನು ತೇಯ್ದು ನಾಲಿಗೆಗೆ ಮುಟ್ಟಿಸುವ ಪದ್ಧತಿ ನಮ್ಮಲ್ಲಿತ್ತು. ಈಗಿನ ಡಾಕ್ಟರರು ಬೇಡ ಎನ್ನುತ್ತಾರೆ. ನನಗೆ ಅಮ್ಮ ಎಷ್ಟು ಮುಟ್ಟಿಸಿದ್ದಳೋ. ಅತಿಯಾಯಿತೆಂದು ಹೆಂಡತಿಯ ಅಭಿಪ್ರಾಯ.

ಬಜೆ ಈಗ ಟಾರ್ಪಾಲಿನ ಅಂಚು ದಾಟಿ ಪಕ್ಕದವರ ಕಾಂಪೌಂಡಿನತ್ತ ಹೊರಟಿದೆ. ಬೇಕಾದವರು ಬಂದು ಒಂದು ತುಂಡು ಒಯ್ಯಬಹುದು. ಚೀಲ ಮಾತ್ರ ನೀವೇ ತನ್ನಿ, ಕೆಸರು ಸೋರದಂಥದ್ದು.